ವಸ್ತರಾ ಹಿಡಿದ ಮಾವಶಿ

ನಾನು ಇಚಲಕರಂಜಿಯ ಒಂದು ದವಾಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಆಯಾ ಆಗಿದ್ದೆ. ಆಯಾ ಎಂಬುದು ಹಾಜರಿ ಪುಸ್ತಕದಲ್ಲಿ ಮಾತ್ರ. ರೋಗಿಗಳು, ಅವರ ಮನೆಯವರು, ಡಾಕ್ಟರು ಎಲ್ಲರೂ ಕರೆಯುತ್ತಿದ್ದದ್ದು ಮಾವಶಿ ಎಂದು. ಮರಾಠಿಯಲ್ಲಿ ತಾಯಿಯ ಅಕ್ಕತಂಗಿಯರಿಗೆ ಹಾಗೆನ್ನುತ್ತಾರೆ. ಹಾಸಿಗೆ ಬದಲಿಸುವ, ಬೆಡ್‌ಪ್ಯಾನ್ ತೊಳೆಯುವ, ಮುದುಕರನ್ನು ಎಬ್ಬಿಸಿ ಕೂರಿಸುವ ಹೆಂಗಸಿಗೆ ಜನ ಈ ಹೆಸರನ್ನು ಏಕೆ ಕೊಟ್ಟರೋ ಗೊತ್ತಿಲ್ಲ. ಮಹಾದೇವಿ ಎಂಬ ನನ್ನ ಸ್ವಂತ ಹೆಸರು ನನಗೇ ಪರಕೀಯವಾಗುವಷ್ಟು ಅದು ಮೈಗೆ ಅಂಟಿಕೊಂಡಿತು.

ಮಾಡಿದ ಕೆಲಸಗಳೆಲ್ಲವನ್ನೂ ಬರೆಯುತ್ತ ಕೂತರೆ ಓದುವವರಿಗೆ ಬೇಸರ. ಒಂದನ್ನು ಮಾತ್ರ ಬರೆಯುತ್ತೇನೆ. ಆಪರೇಶನ್ನಿಗೆ ಮೊದಲು ರೋಗಿಯ ಮೈಮೇಲಿನ ಕೂದಲು ತೆಗೆಯುವ ಕೆಲಸ. ಈಗ ಸೇರುವ ಹುಡುಗಿಯರಿಗೆ ಅದಕ್ಕೊಂದು ಬ್ಯಾಟರಿಯ ಯಂತ್ರ ಕೊಡುತ್ತಾರೆ. ಗುಂಯ್ ಎಂದು ಓಡಿಸಿದರೆ ಐದು ನಿಮಿಷದಲ್ಲಿ ಮುಗಿಯಿತು. ಅದು ಒಳ್ಳೆಯದು, ಏಕೆ ಒಳ್ಳೆಯದು ಎಂಬುದನ್ನೂ ಹೇಳುತ್ತೇನೆ. ನನ್ನ ಕಾಲದಲ್ಲಿ ಆ ಕೆಲಸ ವಸ್ತರಾದಿಂದ ಆಗುತ್ತಿತ್ತು. ವಸ್ತರಾ ಅಂದರೆ ಕ್ಷೌರದಂಗಡಿಯಲ್ಲಿ ಇರುವ, ಹಿಡಿಕೆಯೊಳಗೆ ಮಡಚಿಕೊಳ್ಳುವ ಉದ್ದನೆಯ ಕತ್ತಿ.

ದವಾಖಾನೆಯ ಎದುರಿಗೇ ಬಾಪೂ ಕಾಕಾ ಅವರ ಕ್ಷೌರದಂಗಡಿ ಇತ್ತು. ಬೇಕಾದಾಗ ಸಿಸ್ಟರ್ ಹೇಳಿ ಕಳಿಸಿದರೆ ಅವರು ಚೀಲ ಹಿಡಿದು ರಸ್ತೆ ದಾಟಿ ಬರುತ್ತಿದ್ದರು. ನಾನು ಸೇರಿ ಎರಡನೇ ವರ್ಷ ಇರಬೇಕು, ಕಾಗಲ ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಹೊಟ್ಟೆಯ ಆಪರೇಶನ್ನಿಗೆ ಬಂದಳು. ಕಾಕಾ ಬಾಗಿಲಲ್ಲಿ ನಿಂತದ್ದನ್ನು ಕಂಡವಳೇ ಚಾದರವನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಎರಡೂ ಮುಷ್ಟಿಯಲ್ಲಿ ಬಿಗಿಹಿಡಿದಳು. ಅತ್ತೆ ಹೇಳಿದರು, ಗಂಡ ಹೇಳಿದ, ಆಕೆ ಬಿಡಲಿಲ್ಲ. ಕಾಕಾ ಹಿಂದಿರುಗಿ ಹೋದರು. ಕೊನೆಗೆ ಹೆಡ್ ಸಿಸ್ಟರ್ ತಾವೇ ಕತ್ತರಿ ಹಿಡಿದು ಹೇಗೋ ಮುಗಿಸಿದರು. ಕಡಕ್ ಹೆಂಗಸು ಅವರು. ಹೊರಗೆ ಬಂದು ಕೈ ತೊಳೆಯುತ್ತ, ನಾಳೆಯಿಂದ ಕಾಕಾನ ಹತ್ತಿರ ಹೋಗಿ ಈ ಕೆಲಸ ಕಲಿ ಎಂದು ನನಗೆ ಹೇಳಿದರು. ನಾನು ಹೂಂ ಅಂದೆನೋ ಇಲ್ಲವೋ ನೆನಪಿಲ್ಲ. ಆ ಹೆಣ್ಣುಮಗಳ ಬಿಗಿದ ಮುಷ್ಟಿಯೇ ನನ್ನ ಕಣ್ಣ ಮುಂದೆ ಇತ್ತು.

ಮಧ್ಯಾಹ್ನದ ಹೊತ್ತು ಗಿರಾಕಿ ಕಡಿಮೆ ಇದ್ದಾಗ ಕಾಕಾನ ಅಂಗಡಿಗೆ ಹೋಗತೊಡಗಿದೆ. ಮೊದಲ ದಿನ ಅವರು ವಸ್ತರಾ ತೋರಿಸಲೇ ಇಲ್ಲ. ಹಿತ್ತಾಳೆ ಗ್ಲಾಸಿನ ತುಂಬ ನೀರು ಹಾಕಿ, ಕೈ ಮುಂದೆ ಚಾಚಿ ಹಿಡಿದುಕೊಂಡು ನಿಲ್ಲು ಅಂದರು. ಅಷ್ಟರಲ್ಲಿ ಇಬ್ಬರ ಗಡ್ಡ ಮಾಡಿ ಮುಗಿಸಿದರು. ಒಂದು ಹನಿಯೂ ಚೆಲ್ಲಿರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ.

"ಕೈ ನಡಗಂಗಿಲ್ಲ, ಖರೆ," ಅಂದರು ಕಾಕಾ. "ಆದ್ರ ನೀ ಉಸುರು ಹಿಡದ ನಿಂತಿದ್ದಿ ಬಾಯಿ. ಉಸುರು ಹಿಡದ್ರ ಕೈನೂ ಬಿರುಸ ಆಗತೈತಿ. ಕತ್ತಿ ಕೆಳಗಿನ ಮನಶ್ಯಾಗ ಅದು ತಿಳೀತೈತಿ."

ಬೇಕಾದ ಸಾಮಾನು ನಾಲ್ಕೇ ಎಂದು ಅವರು ಹೇಳಿದರು. ವಸ್ತರಾ, ಸಾಣೆಕಲ್ಲು, ತೊಗಲಿನ ಪಟ್ಟಾ, ಬ್ರಶ್. ಉಳಿದದ್ದೆಲ್ಲ ಅಂಗಡಿಯ ಶೃಂಗಾರ. ದವಾಖಾನೆಯವರು ಸಾಬೂನು ಬಿಟ್ಟು ಬೇರೇನೂ ಕೊಡುವವರಲ್ಲ. ಹೊಸ ವಸ್ತರಾ ಕೊಳ್ಳುವ ಶಕ್ತಿ ನಮಗಿರಲಿಲ್ಲ. ನನ್ನ ಯಜಮಾನರು ಬಸಗೊಂಡ, ಆಗ ಪಾವರ್‌ಲೂಮಿನಲ್ಲಿ ಮಗ್ಗ ನಡೆಸುತ್ತಿದ್ದರು. ಅವರ ರಜೆಯ ದಿನ ಇಬ್ಬರೂ ಬಸ್ಸು ಹತ್ತಿ ಕೊಲ್ಹಾಪುರದ ಹಳೆ ಸಾಮಾನಿನ ಬಜಾರಿಗೆ ಹೋದೆವು. ಗೋಣಿತಟ್ಟಿನ ಮೇಲೆ ಕೀಲಿ, ಕನ್ನಡಕ, ಮುರಿದ ಗಡಿಯಾರಗಳ ನಡುವೆ ಮೂರು ವಸ್ತರಾ ಮಲಗಿದ್ದವು. ಹಿಡಿಕೆ ನೋಡಬೇಡ, ಅಂಚು ನೋಡು ಎಂದು ಕಾಕಾ ಹೇಳಿ ಕಳಿಸಿದ್ದರು. ಅಂಚಿಗೆ ಹೆಬ್ಬೆರಳಿನ ಉಗುರು ಮೆಲ್ಲಗೆ ಆನಿಸಿ ಎಳೆದರೆ ಎಲ್ಲಿಯೂ ತಡೆಯಬಾರದು. ಸಪಾಟಾದ ಗಾಜಿನ ಮೇಲೆ ಇಟ್ಟರೆ ಬೆನ್ನೂ ಅಂಚೂ ಎರಡೂ ಕೂರಬೇಕು. ಅತ್ಯಂತ ಕುರೂಪಿಯಾಗಿದ್ದ, ಹಿಡಿಕೆಗೆ ದಾರ ಸುತ್ತಿದ್ದ ವಸ್ತರಾದ ಅಂಚೇ ಎಲ್ಲಕ್ಕಿಂತ ಚೆನ್ನಾಗಿತ್ತು. ಅದನ್ನೇ ತಂದೆವು.

ಸಾಣೆಕಲ್ಲು ಕಾಕಾ ಕೊಟ್ಟರು, ಅವರದ್ದೇ ಒಡೆದ ಕಲ್ಲಿನ ಅರ್ಧ. ಪಟ್ಟಾ ಯಜಮಾನರು ತಂದರು. ಹಳೆಯ ಮಗ್ಗಗಳು ತೊಗಲಿನ ಅಗಲ ಪಟ್ಟಾದ ಮೇಲೆ ತಿರುಗುತ್ತಿದ್ದವು. ಸವೆದು ಬಿಚ್ಚಿಟ್ಟ ಒಂದು ತುಂಡನ್ನು ಮಾಲಕರನ್ನು ಕೇಳಿ ತಂದರು. ಎಣ್ಣೆ, ಹತ್ತಿಯ ದೂಳು ಕುಡಿದು ಕಪ್ಪಾಗಿತ್ತು. ಮೂರು ದಿನ ಸಾಬೂನು ಹಚ್ಚಿ ತಿಕ್ಕಿದೆ. ಒಣಗಿದ ಮೇಲೆ ಅದರ ಒಳಮೈ ಮಗುವಿನ ಕಿವಿಯ ಹಾಗೆ ನುಣ್ಣಗಾಯಿತು.

ಕಿಟಕಿಯ ಕಂಬಿಗೆ ಪಟ್ಟಾ ಕಟ್ಟಿ ವಸ್ತರಾ ಮಸೆಯುವುದನ್ನು ಕಲಿಯಲು ತಿಂಗಳು ಹಿಡಿಯಿತು. ಬೆನ್ನು ಮುಂದೆ, ಅಂಚು ಹಿಂದೆ. ತುದಿ ಮುಟ್ಟಿದ ಮೇಲೆ ಬೆನ್ನಿನ ಮೇಲೆಯೇ ಹೊರಳಿಸಬೇಕು, ಅಂಚಿನ ಮೇಲೆ ಹೊರಳಿಸಿದರೆ ಪಟ್ಟಾ ಕತ್ತರಿಸುತ್ತದೆ. ಮೊದಲ ವಾರದಲ್ಲೇ ಎರಡು ಕಡೆ ಕತ್ತರಿಸಿದೆ. ಸುತ್ತಲ ಓಣಿಯಲ್ಲಿ ಮಗ್ಗಗಳ ಖಟಖಟ ಹಗಲಿಡೀ ನಡೆದೇ ಇರುತ್ತಿತ್ತು. ಗೊತ್ತಿಲ್ಲದೆ ನನ್ನ ಕೈ ಆ ತಾಳಕ್ಕೆ ಕೂಡಿಕೊಂಡಿತು. ಎಷ್ಟು ಹೊತ್ತು ಮಸೆದೆ ಎಂಬ ಎಚ್ಚರವೇ ತಪ್ಪುತ್ತಿತ್ತು. ಒಲೆಯ ಮೇಲೆ ಅನ್ನ ಹೊತ್ತಿದ ವಾಸನೆ ಬಂದಾಗ ಎಲ್ಲಿಂದಲೋ ಮರಳಿ ಬಂದ ಹಾಗಾಗುತ್ತಿತ್ತು.

ಕಲಿಯಲು ಮುಖ ಬೇಕಲ್ಲ. ಕಾಕಾ ಸೋರೆಕಾಯಿ ತಾ ಅಂದರು. ಎಳೆಯ ಸೋರೆಕಾಯಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ನವಿರಾದ ರೋಮ ಇರುತ್ತದೆ. ಸಾಬೂನಿನ ನೊರೆ ಹಚ್ಚಿ, ಸಿಪ್ಪೆಗೆ ಗೀರು ಬೀಳದ ಹಾಗೆ ಆ ರೋಮವನ್ನಷ್ಟೇ ತೆಗೆಯಬೇಕು. ಕತ್ತಿಯ ಬೆನ್ನು ಚರ್ಮದಿಂದ ಸ್ವಲ್ಪವೇ ಎದ್ದಿರಬೇಕು. ಹೆಚ್ಚು ಎದ್ದರೆ ಕೊಯ್ಯುತ್ತದೆ, ಪೂರಾ ಮಲಗಿದರೆ ಎಳೆಯುತ್ತದೆ. ಗೀರು ಬಿದ್ದ ಕಡೆ ಹಸಿರು ಸಿಪ್ಪೆಯಲ್ಲಿ ಬಿಳಿ ಗೆರೆ ಮೂಡುತ್ತಿತ್ತು. ನಮ್ಮ ಮನೆಯಲ್ಲಿ ಎರಡು ತಿಂಗಳು ದಿನವೂ ಸೋರೆಕಾಯಿ ಪಲ್ಯ. ಮಕ್ಕಳು ತಾಟು ಕಂಡರೆ ಮುಖ ತಿರುಗಿಸುತ್ತಿದ್ದವು.

ಸೋರೆಕಾಯಿಯ ನಂತರ ಯಜಮಾನರ ಮುಖ. ಬೆಳಗಿನ ಏಳಕ್ಕೆ ಪಾಳಿ ಮುಗಿಸಿ ಅವರು ಸೈಕಲ್ ಮೇಲೆ ಬರುತ್ತಿದ್ದರು, ಹುಬ್ಬಿನ ಮೇಲೆ ಹತ್ತಿಯ ಎಳೆ. ಒಂದು ದಿನ ಬಾಗಿಲಲ್ಲಿ ಬಿಸಿಲು ಬೀಳುವ ಕಡೆ ಗೋಡೆಗೆ ಒರಗಿ ಕೂತರು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕೆನ್ನೆಗೆ ಇಟ್ಟೆ, ನೊರೆ ಹಚ್ಚಿದೆ, ಎಡಗೈಯಿಂದ ಚರ್ಮ ಬಿಗಿಹಿಡಿದೆ. ಕತ್ತಿ ಕೆನ್ನೆಗೆ ತಾಗಿದಾಗ ಹೊಸ ಬಟ್ಟೆ ಹರಿದ ಹಾಗೆ ಸಣ್ಣ ಸದ್ದು ಬಂತು. ಭಯವಾಗುತ್ತದೆಯೇ ಎಂದು ಕೇಳಿದೆ. ನೋಡಿದರೆ ನಿದ್ದೆ ಹೋಗಿದ್ದರು. ಒಬ್ಬ ಮನುಷ್ಯ ತನ್ನ ಗಂಟಲನ್ನು ನನ್ನ ಕತ್ತಿಯ ಕೆಳಗಿಟ್ಟು ನಿದ್ದೆ ಮಾಡುತ್ತಿದ್ದಾನೆ. ಆ ಬಿಸಿಲು, ಸಾಬೂನಿನ ವಾಸನೆ, ಅವರ ಏರಿಳಿಯುವ ಗಂಟಲು ಎಲ್ಲ ಇವತ್ತಿಗೂ ಹಾಗೇ ಇವೆ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಅವರ ಗಲ್ಲದ ಕೆಳಗೆ ಒಂದು ಮಚ್ಚೆ ಇದೆ ಎಂದು ಗೊತ್ತಾದದ್ದು ಅವತ್ತು.

ಹೆಣ್ಣು ರೋಗಿಗಳೆಲ್ಲ ನನ್ನ ಪಾಲಿಗೆ ಬಂದರು. ಕಾಕಾನ ಕಣ್ಣು ಮಂಜಾದ ಮೇಲೆ ಗಂಡಸರ ತಲೆ, ಮುಖ, ಕೈಕಾಲು ಕೂಡ ಬಂದವು; ಉಳಿದದ್ದಕ್ಕೆ ವಾರ್ಡ್‌ಬಾಯ್ ಇದ್ದ. ಒಬ್ಬೊಬ್ಬರಾದ ಮೇಲೂ ವಸ್ತರಾ ಕುದಿಸಿ, ಸ್ಪಿರಿಟ್ಟಿನಲ್ಲಿ ಇಡುವುದು ನಿಯಮ. ಕೆಲವು ವರ್ಷಗಳ ನಂತರ ಅರ್ಧ ಬ್ಲೇಡು ಸಿಕ್ಕಿಸುವ ವಸ್ತರಾ ಬಂತು, ಒಬ್ಬರಿಗೆ ಒಂದು ಬ್ಲೇಡು. ಕಲ್ಲೂ ಪಟ್ಟಾವೂ ಅಲ್ಲಿಗೆ ಮುಗಿದವು.

ಕೈ ಕೂತಿತು ಅನ್ನುವ ಹೊತ್ತಿಗೇ ದೊಡ್ಡ ತಪ್ಪು ಮಾಡಿದೆ. ಉತ್ತೂರಿನ ಶಂಕ್ರಪ್ಪ ಎಂಬ ರೈತ ತೊಡೆಯ ಎಲುಬು ಮುರಿದು ಬಂದಿದ್ದ. ಅವತ್ತು ಬೆಳಿಗ್ಗೆ ನಾಲ್ಕು ಆಪರೇಶನ್ನುಗಳಿದ್ದವು. ಸಿಸ್ಟರ್ ಎರಡು ಸಲ ಕೂಗಿದರು. ಮೊಣಕಾಲಿನ ಮೇಲೆ, ಚರ್ಮ ಹೊರಳುವ ಕಡೆ, ಬಿಗಿಹಿಡಿಯದೆ ಕತ್ತಿ ಎಳೆದೆ. ಅಕ್ಕಿಕಾಳಿನಷ್ಟು ಗಾಯ. ಪಟಿಕದ ಕಲ್ಲು ಒತ್ತಿದೆ, ರಕ್ತ ನಿಂತಿತು. ಯಾರಿಗೂ ಹೇಳಲಿಲ್ಲ. ಥಿಯೇಟರಿನಲ್ಲಿ ದೊಡ್ಡ ಡಾಕ್ಟರು ಅದನ್ನು ಕಂಡರು. ಗಾಯ ಇರುವ ಚರ್ಮದ ಮೂಲಕ ಎಲುಬಿಗೆ ಕೈ ಹಾಕಿದರೆ ಒಳಗೆ ಕೀವಾಗುತ್ತದೆ ಎಂದು ಶಂಕ್ರಪ್ಪನನ್ನು ಮೇಜಿನಿಂದಲೇ ತಿರುಗಿ ಕಳಿಸಿದರು. ಗಾಯ ಮಾಯುವ ತನಕ ಎಂಟು ದಿನ ಆತ ಕಾಲಿಗೆ ಭಾರ ಕಟ್ಟಿಸಿಕೊಂಡು ಅಂಗಾತ ಮಲಗಬೇಕಾಯಿತು.

ಡಾಕ್ಟರು ಬೈದರು, ಸಿಸ್ಟರ್ ಬೈದರು. ಅದು ಸಹಿಸುವಂಥದ್ದೇ. ಶಂಕ್ರಪ್ಪ ಏನೂ ಅನ್ನದೆ ಇದ್ದದ್ದು ಸಹಿಸಲಾಗಲಿಲ್ಲ. ದಿನಕ್ಕೆ ಹತ್ತು ಸಲ ನೆಪ ಮಾಡಿಕೊಂಡು ಅವನ ಹಾಸಿಗೆಯ ಬಳಿ ಸುಳಿಯುತ್ತಿದ್ದೆ. ಐದನೇ ದಿನ ತಡೆಯಲಾರದೆ, ತಪ್ಪಾಯಿತು ಅಣ್ಣಾ ಅಂದೆ. ಆತ ಛತ್ತು ನೋಡುತ್ತಲೇ, ಕೊಯ್ದದ್ದಕ್ಕೆ ತನಗೆ ಸಿಟ್ಟಿಲ್ಲ, ಕುಡಗೋಲು ಹಿಡಿದವನಿಗೆ ಅದು ಗೊತ್ತು ಎಂದ.

"ನೀ ಹೇಳಲಿಲ್ಲಲ್ಲಾ, ಅದಕ್ಕ ಸಿಟ್ಟು ಬಂತು," ಅಂದ. "ಪಟಕಾ ಒತ್ತಿ ಸುಮ್ಮನಾದಿ. ನನಗ ಗೊತ್ತಾತು. ಒಂದ ಮಾತು ಹೇಳಿದ್ರ ಆ ಮೇಜಿನ ತನಕಾ ಹೋಗೂದರೆ ತಪ್ಪತಿತ್ತು."

ಅವತ್ತಿನಿಂದ, ಎಷ್ಟು ಸಣ್ಣದಿರಲಿ, ಗಾಯವಾದರೆ ಮೊದಲು ರೋಗಿಗೆ, ಆಮೇಲೆ ಸಿಸ್ಟರಿಗೆ ಹೇಳುವುದನ್ನು ರೂಢಿ ಮಾಡಿಕೊಂಡೆ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಮುಖ್ಯವಾಗಿ ಇದೊಂದೇ.

ಗಡಹಿಂಗ್ಲಜದಲ್ಲಿ ನನ್ನ ಮಾವನವರದು ಸಣ್ಣ ಕಿರಾಣಿ ಅಂಗಡಿ. ಸ್ನಾನ, ಲಿಂಗಪೂಜೆ ಆಗದೆ ನೀರು ಮುಟ್ಟದ ಮನುಷ್ಯ. ಸೊಸೆ ದವಾಖಾನೆಯಲ್ಲಿ ಕೆಲಸ ಮಾಡುತ್ತಾಳೆ ಎಂಬುದನ್ನು ಹೇಗೋ ನುಂಗಿಕೊಂಡಿದ್ದರು. ನಮ್ಮಲ್ಲಿ ಅಡ್ಮಿಟ್ ಆಗಿದ್ದ ಅವರ ಊರಿನವನೊಬ್ಬ ಹೋಗಿ, ನಿಮ್ಮ ಸೊಸೆ ನನ್ನ ಗಡ್ಡ ಮಾಡಿದಳು ಎಂದು ಹೊಗಳಿಯೇ ಹೇಳಿದನಂತೆ. ಮುಂದಿನ ವಾರ ಬಂದರು. ಚಾ ತಂದಿಟ್ಟೆ, ಮುಟ್ಟಲಿಲ್ಲ. ಆ ಕೆಲಸಕ್ಕೆ ಅದರವರು ಇದ್ದಾರೆ, ನಮ್ಮ ಮನೆತನಕ್ಕೆ ಇದು ಏಕೆ ಬೇಕಿತ್ತು ಎಂದು ಮಗನಿಗೆ ಕೇಳಿದರು, ನನಗಲ್ಲ. ಹದಿನೈದು ದಿನಕ್ಕೊಮ್ಮೆ ತಾವೇ ಹೋಗಿ ಅಂಥವರ ಕುರ್ಚಿಯ ಮೇಲೆ ಕುತ್ತಿಗೆ ಚಾಚಿ ಕೂರುತ್ತಾರೆ, ಅವರ ಕೆಲಸ ಅಷ್ಟು ಕೀಳಾಗಿದ್ದರೆ ಕುತ್ತಿಗೆ ಏಕೆ ಕೊಡುತ್ತಾರೆ ಎಂದು ನನ್ನ ಬಾಯಿಗೆ ಬಂದಿತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದೆ. ಆ ಮೇಲೆ ನಾಲ್ಕು ವರ್ಷ ಅವರು ನನ್ನ ಕೈಯಿಂದ ನೀರು ಕೂಡ ಕುಡಿಯಲಿಲ್ಲ.

ಒಂದು ಸಲ ಅಂಗಡಿಯ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಏನೂ ಆಗಿಲ್ಲ ಎಂದು ಎದ್ದು ಕೂತರಂತೆ. ಇಪ್ಪತ್ತು ದಿನವಾದ ಮೇಲೆ ಮಾತು ತೊದಲಿತು, ಹಗಲೆಲ್ಲ ತೂಕಡಿಸತೊಡಗಿದರು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೊಲ್ಹಾಪುರದಿಂದ ತಲೆಯ ಡಾಕ್ಟರು ವಾರಕ್ಕೆ ಎರಡು ಸಲ ನಮ್ಮಲ್ಲಿಗೆ ಬರುತ್ತಿದ್ದರು. ಅವರೇ ಆಪರೇಶನ್ ಮಾಡುವುದು ಎಂದಾಯಿತು. ತಲೆ ಬೋಳಿಸಬೇಕು. ಯಜಮಾನರು ನನ್ನ ಮುಖ ನೋಡಿದರು. ಬೇರೆ ಯಾರನ್ನಾದರೂ ಕರೆಸಲೇ ಎಂದು ಹೆಡ್ ಸಿಸ್ಟರ್ ಕೇಳಿದರು, ಆ ಕಡಕ್ ಹೆಂಗಸು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಕಾಕಾನಿಗಂತೂ ಆಗ ಕಣ್ಣು ಪೂರ್ತಿ ಹೋಗಿತ್ತು. ನಾನೇ ಮಾಡುತ್ತೇನೆ ಅಂದೆ.

ಪರದೆ ಎಳೆದೆ. ಅವರ ಕಣ್ಣು ಅರ್ಧ ತೆರೆದಿತ್ತು, ನೋಟ ಎಲ್ಲೋ ದೂರ. ಮದುವೆಯಾಗಿ ಹದಿನಾರು ವರ್ಷದಲ್ಲಿ ಪಾದ ಬಿಟ್ಟರೆ ಅವರ ಮೈ ಮುಟ್ಟಿದವಳಲ್ಲ ನಾನು. ಕೂದಲನ್ನು ಬಿಸಿನೀರಿನಲ್ಲಿ ತೋಯಿಸಿದೆ. ಬೆಳ್ಳಗೆ, ತೆಳ್ಳಗೆ, ಕಾಶಹುಲ್ಲಿನ ಹೂವಿನ ಹಾಗೆ ಇತ್ತು. ಮೊದಲ ಎಳೆತ ಎಳೆದಾಗ ಅವರು ಹಿತವೆನಿಸಿದವರ ಹಾಗೆ ಉಸಿರು ಬಿಟ್ಟು ಮಾತಾಡಿದರು.

"ರಾಮೂ, ಮಳಿ ಆತೇನೋ ಆ ಕಡೆ?"

ರಾಮು ಅವರ ಹಳ್ಳಿಯಲ್ಲಿ ಕ್ಷೌರ ಮಾಡುತ್ತಿದ್ದವನು, ಅವರ ಬಾಲ್ಯದವನು, ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಅವರು ಯಾವುದೋ ಮರದ ಕೆಳಗೆ, ಯಾವುದೋ ಮುಂಜಾನೆಯಲ್ಲಿ ಕೂತಿದ್ದರು. ಅಲ್ಲಿಂದ ಎಳೆದು ತರಲು ನನಗೆ ಮನಸ್ಸಾಗಲಿಲ್ಲ.

"ಆತ್ರಿ, ಚಲೋ ಆತು," ಅಂದೆ.

ಜೋಳ, ಎತ್ತು, ಹಿರಣ್ಯಕೇಶಿ ಹೊಳೆಯ ನೀರು ಎಲ್ಲದರ ಬಗ್ಗೆ ಕೇಳಿದರು. ಎಲ್ಲದಕ್ಕೂ ಹೂಂ ಅಂದೆ, ಹೌದ್ರಿ ಅಂದೆ. ಕಿವಿಯ ಹಿಂದೆ ಚರ್ಮ ಬಹಳ ತೆಳುವು, ಅಲ್ಲಿ ಕತ್ತಿ ಹಗುರ ಮಾಡಿದೆ. ಅಷ್ಟರಲ್ಲಿ ಅವರು ಗುಟ್ಟು ಹೇಳುವವರಂತೆ ದನಿ ಇಳಿಸಿದರು.

"ನನ್ನ ಸೊಸಿ ಒಬ್ಬಾಕಿ ಇಚಲಕರಂಜ್ಯಾಗ ಅದಾಳ. ಆಕಿ ಕೈಯಾಗಿನ ಚಾ ಬಿಟ್ಟೇನಿ ನಾ."

"ಯಾಕ್ರಿ?"

ಅವರು ಹುಬ್ಬು ಗಂಟಿಕ್ಕಿದರು. "ಏನೋ ಇತ್ತು, ಮರತೇನಿ. ಚಾ ಮಾತ್ರ ಭಾಳ ಚಲೋ ಮಾಡ್ತಿದ್ಲು. ಶುಂಠಿ ಜಜ್ಜಿ ಹಾಕ್ತಿದ್ಲು."

ನಾನು ಕತ್ತಿ ಮೇಲೆತ್ತಿ, ಗೋಡೆಗೆ ತಿರುಗಿ ಸ್ವಲ್ಪ ಹೊತ್ತು ನಿಂತೆ. ಕಣ್ಣಲ್ಲಿ ನೀರಿದ್ದಾಗ ಕತ್ತಿ ಹಿಡಿಯಬಾರದು. ಒರೆಸಿಕೊಂಡು ಉಳಿದದ್ದನ್ನು ಮುಗಿಸಿದೆ. ಒಂದೇ ಒಂದು ಗೀರು ಬೀಳಲಿಲ್ಲ.

ಆಪರೇಶನ್ ಚೆನ್ನಾಗಿ ಆಯಿತು. ಮಾವನಿಗೆ ಎಚ್ಚರವಾದಾಗ ರಾಮು, ಮಳೆ, ಚಾ ಯಾವುದೂ ಅವರ ನೆನಪಿನಲ್ಲಿ ಇರಲಿಲ್ಲ. ತಲೆ ಬೋಳಿಸಿದ್ದು ಯಾರು ಎಂದು ಅವರು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಸುಧಾರಿಸಿಕೊಳ್ಳಲು ನಮ್ಮ ಮನೆಗೆ ಬಂದರು. ಮೊದಲ ದಿನ ಶುಂಠಿ ಹಾಕಿದ ಚಾ ಎದುರಿಗಿಟ್ಟೆ, ತಣ್ಣಗಾಯಿತು. ಎರಡನೇ ದಿನವೂ ತಣ್ಣಗಾಯಿತು. ಮೂರನೇ ದಿನ ಇಟ್ಟು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತೆ. ಹೊರಗೆ ಬಂದಾಗ ಕಪ್ಪು ಬರಿದಾಗಿತ್ತು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಅವರು ಹನ್ನೊಂದು ವರ್ಷ ಬದುಕಿದರು, ಆ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಪರದೆಯ ಒಳಗೆ ನಡೆದದ್ದನ್ನು ಯಜಮಾನರಿಗೂ ಹೇಳಿರಲಿಲ್ಲ. ಇದನ್ನು ಓದಿದರೆ ಅವರಿಗೆ ಈಗ ತಿಳಿಯುತ್ತದೆ.

ಮಾವ ಒಬ್ಬರೇ ಅಲ್ಲ. ಬೆಚ್ಚಗಿನ ನೊರೆ ಹಚ್ಚಿ ಕಣ್ಣು ಮುಚ್ಚಿಸಿದರೆ ಜನ ಮತ್ತೆಲ್ಲಿಗೋ ಹೋಗುತ್ತಾರೆ. ಆಪರೇಶನ್ನಿನ ಬೆಳಿಗ್ಗೆ ಹೊಟ್ಟೆ ಖಾಲಿ, ಸೂಜಿಯ ಮಂಪರು, ಕಿಟಕಿಯಲ್ಲಿ ಎಳೆ ಬಿಸಿಲು. ಒಬ್ಬ ಮುದುಕಿ ತನ್ನ ತವರಿನ ಬಾವಿಗೆ ಎಷ್ಟು ಮೆಟ್ಟಿಲು ಎಂದು ಎಣಿಸಿದಳು. ಟ್ರಕ್ ಓಡಿಸುವವನೊಬ್ಬ ನಿದ್ದೆಯಲ್ಲೇ ಕಾಲಿನಿಂದ ಬ್ರೇಕು ಒತ್ತುತ್ತಿದ್ದ. ನಾನು ಕತ್ತಿ ನಿಲ್ಲಿಸಿ, ಅವನ ಗಾಡಿ ನಿಲ್ಲುವ ತನಕ ಕಾಯುತ್ತಿದ್ದೆ. ಹೊರಗೆ ಮಗ್ಗಗಳು ಬಡಿದುಕೊಳ್ಳುತ್ತಿದ್ದರೂ ಆ ಪರದೆಯ ಒಳಗೆ ಮಂಜು ಕವಿದ ಹೊಲದಲ್ಲಿ ನಿಂತಷ್ಟು ಶಾಂತವಾಗಿರುತ್ತಿತ್ತು.

ನನ್ನ ನಿವೃತ್ತಿಗೆ ಏಳೆಂಟು ವರ್ಷವಿರುವಾಗ ಒಬ್ಬ ಡಾಕ್ಟರ್ ಬಾಯಿ ಹೊಸದಾಗಿ ಬಂದರು. ವಯಸ್ಸಿನಲ್ಲಿ ನನ್ನ ಮಗಳಷ್ಟು. ಬಂದ ತಿಂಗಳೇ ಆಪರೇಶನ್ನಿಗೆ ವಸ್ತರಾ ಬಂದ್ ಮಾಡಿಸಿದರು. ಎಷ್ಟೇ ಚೆನ್ನಾದ ಕೈಯಿದ್ದರೂ ಕತ್ತಿ ಚರ್ಮದ ಮೇಲೆ ಕಣ್ಣಿಗೆ ಕಾಣದ ಗಾಯ ಮಾಡುತ್ತದೆ, ಅದರಲ್ಲಿ ಸೋಂಕು ಸೇರುತ್ತದೆ, ಯಂತ್ರದಿಂದ ಕತ್ತರಿಸಬೇಕು, ಸಾಧ್ಯವಾದರೆ ಕೂದಲು ತೆಗೆಯಲೇಬಾರದು ಎಂದು ಎಲ್ಲರನ್ನೂ ಕೂರಿಸಿ ವಿವರಿಸಿದರು. ನನಗೆ ಮೊದಲು ಅವಮಾನವಾಯಿತು. ಮನೆಗೆ ಹೋಗುವಾಗ ಅವಮಾನ ಇಳಿದು ಬೇರೆಯೇ ಒಂದು ಸಂಕಟ ಶುರುವಾಯಿತು. ಹೊಲಿಗೆ ಕೀವಾಗಿ ಮತ್ತೆ ಮತ್ತೆ ಬಂದವರ ಮುಖಗಳು ನೆನಪಾಗತೊಡಗಿದವು. ಅವರಲ್ಲಿ ಎಷ್ಟು ಮಂದಿ ನನ್ನ ಕೈಯಿಂದ?

ಮರುದಿನ ಡಾಕ್ಟರ್ ಬಾಯಿಯನ್ನು ಕೇಳಿಯೇಬಿಟ್ಟೆ. ಅವರು ಸಮಾಧಾನಕ್ಕಾಗಿ ಸುಳ್ಳು ಹೇಳಲಿಲ್ಲ. ಕೆಲವರಿಗೆ ಆಗಿರಬಹುದು, ಯಾರು ಎಂದು ಯಾರೂ ಹೇಳಲಾರರು, ಆಗ ಡಾಕ್ಟರುಗಳೇ ಹಾಗೆ ಮಾಡಿ ಎಂದು ಹೇಳುತ್ತಿದ್ದರು ಎಂದರು. ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು. ಆ ಮಾತನ್ನು ನಾನು ಇವತ್ತಿಗೂ ಪೂರ್ತಿ ಅರಗಿಸಿಕೊಂಡಿಲ್ಲ. ಒಂದು ಕೆಲಸವನ್ನು ಪ್ರೀತಿಯಿಂದ ಕಲಿತು, ಜೋಪಾನವಾಗಿ ಮಾಡಿ, ಆಮೇಲೆ ಅದು ಸರಿಯಿರಲಿಲ್ಲ ಎಂದು ತಿಳಿಯುವ ಪ್ರಸಂಗ ನಿಮಗೂ ಬರಬಹುದು. ಬಂದಾಗ ಹೊಸದನ್ನು ಕಲಿಯಿರಿ. ನಾನು ಯಂತ್ರ ಕಲಿತೆ.

ವಸ್ತರಾ ಪೂರಾ ಹೋಗಲಿಲ್ಲ. ತಿಂಗಳುಗಟ್ಟಲೆ ಮಲಗಿದವರ ಗಡ್ಡಕ್ಕೆ ಮಾತ್ರ ಉಳಿಯಿತು. ನಾನು ನಿವೃತ್ತಳಾಗುವ ವರ್ಷ ಜಿನ್ನಪ್ಪ ಎಂಬವನು ಬಂದ. ನಲವತ್ತರ ಒಳಗಿನವನು. ನೂಲಿಗೆ ಗಂಜಿ ಹಾಕುವ ಯಂತ್ರದ ರೋಲರಿಗೆ ಬಲಗೈ ಸಿಕ್ಕು, ಮಣಿಕಟ್ಟಿನ ಮೇಲೆ ಕತ್ತರಿಸಬೇಕಾಯಿತು. ಗಾಯ ಮಾಯುತ್ತ ಬಂತು, ಅವನು ಮಾತ್ರ ಗೋಡೆಗೆ ಮುಖ ಮಾಡಿಯೇ ಮಲಗಿದ. ಹೆಂಡತಿ ಬುತ್ತಿ ತಂದರೂ ತಿರುಗುತ್ತಿರಲಿಲ್ಲ. ಗಡ್ಡ ಬೆಳೆದು ಮುಖವೇ ಕಾಣದಾಗಿತ್ತು. ಮಾಡಲೇ ಎಂದು ನಾನು ಕೇಳಿದಾಗಲೆಲ್ಲ ತಲೆಯಾಡಿಸುತ್ತಿದ್ದ.

ಒಂದು ಬೆಳಿಗ್ಗೆ ಪಕ್ಕದ ಹಾಸಿಗೆಯ ಮುದುಕನ ಗಡ್ಡ ಮಾಡುತ್ತಿದ್ದೆ. ಜಿನ್ನಪ್ಪ ಇತ್ತ ತಿರುಗಿ ನನ್ನ ಕೈಯನ್ನೇ ನೋಡುತ್ತಿದ್ದ. ಇದು ಒಂದು ಕೈಯಿಂದ ಬರುತ್ತದೆಯೇ ಎಂದು ಕೇಳಿದ. ಮೂರು ವಾರದಲ್ಲಿ ಅವನಾಡಿದ ಮೊದಲ ಮಾತು. ನನಗೆ ಗೊತ್ತಿರಲಿಲ್ಲ. ಸಾದಾ ರೇಜರ್ ತಂದುಕೊಡುತ್ತೇನೆ, ಅದು ಸುಲಭ ಎಂದೆ.

"ಸುಲಭ ಬ್ಯಾಡ್ರಿ ಮಾವಶಿ," ಅಂದ. "ಈ ಎಡಗೈಗೆ ಒಂದರೆ ಕಠಿಣ ಕೆಲಸ ಬರ್ತೈತಿ ಅಂತ ನನಗ ತಿಳೀಬೇಕು."

ಸಿಸ್ಟರ್ ಒಪ್ಪಲಿಲ್ಲ. ಗೋಡೆಗೆ ಮುಖ ಮಾಡಿದ ಮನುಷ್ಯನ ಕೈಗೆ ಕತ್ತಿಯೇ? ಅವರು ಬಾಯಿಬಿಟ್ಟು ಹೇಳದ ಭಯ ನನಗೂ ಇತ್ತು. ಡಾಕ್ಟರ್ ಬಾಯಿಯ ಹತ್ತಿರ ಹೋಗಿ, ನಾನು ಪಕ್ಕದಲ್ಲೇ ಕೂರುತ್ತೇನೆ, ಮುಗಿದ ಕೂಡಲೇ ಕತ್ತಿ ನನ್ನ ಕೈಗೆ ಬರುತ್ತದೆ ಎಂದು ಬೇಡಿಕೊಂಡೆ. ಅವರು ಜಿನ್ನಪ್ಪನ ಹತ್ತಿರ ಬಹಳ ಹೊತ್ತು ಕೂತು ಮಾತಾಡಿ ಬಂದರು. ಮೊದಲು ಬ್ಲೇಡಿಲ್ಲದೆ ಕಲಿಯಲಿ ಎಂದು ಒಪ್ಪಿದರು.

ಮನೆಯಲ್ಲಿ ಬಲಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಯಜಮಾನರ ಕೆನ್ನೆಯ ಮೇಲೆ ಎಡಗೈ ನಡೆಸಿ ನೋಡಿದೆ. ಚರ್ಮ ಹಿಡಿಯಲು ಇನ್ನೊಂದು ಕೈ ಇಲ್ಲದೆ ಆಗುವ ಕೆಲಸವಲ್ಲ. ಎರಡು ಕಡೆ ಕೊಯ್ದೆ, ನಾನು ಹೇಳುವ ಮೊದಲೇ ಅವರು ಕನ್ನಡಿಯಲ್ಲಿ ನೋಡಿಕೊಂಡು ನಕ್ಕರು. ನಾಲಿಗೆಯಿಂದ ಕೆನ್ನೆಯನ್ನು ಒಳಗಿನಿಂದ ಉಬ್ಬಿಸುವುದು, ಕುತ್ತಿಗೆ ಹೊರಳಿಸುವುದು, ತುಟಿ ಹಲ್ಲಿನ ಮೇಲೆ ಎಳೆದುಕೊಳ್ಳುವುದು ಇಷ್ಟನ್ನು ಜಿನ್ನಪ್ಪನಿಗೆ ಹೇಳಿಕೊಟ್ಟೆ. ಹದಿನೈದು ದಿನ ಬ್ಲೇಡಿಲ್ಲದ ವಸ್ತರಾದಿಂದ ನೊರೆಯನ್ನಷ್ಟೇ ತೆಗೆದ. ಕತ್ತಿ ಜಾರಿ ಬಿದ್ದಾಗ ಗೋಡೆಗೆ ತಿರುಗಿ ಮಲಗುತ್ತಿದ್ದ, ಮರುದಿನ ಮತ್ತೆ ಏಳುತ್ತಿದ್ದ.

ಕಿವಿಯ ಪಕ್ಕದ ಚರ್ಮ ಮಾತ್ರ ಬಿಗಿಯಾಗುತ್ತಲೇ ಇರಲಿಲ್ಲ. ಅದಕ್ಕೆ ಉಪಾಯ ಅವನೇ ಕಂಡುಕೊಂಡ. ಒಂದು ದಿನ ಅಷ್ಟರವರೆಗೆ ಚಾದರದ ಒಳಗೇ ಬಚ್ಚಿಡುತ್ತಿದ್ದ ಬಲದ ಮೋಟುಗೈಯನ್ನು ಹೊರಗೆ ತೆಗೆದು, ಮೊಣಕೈಯ ಕೆಳಗಿನ ಭಾಗವನ್ನು ಕಿವಿಯ ಮೇಲೆ ತಲೆಗೆ ಒತ್ತಿ, ಮೇಲಕ್ಕೆ ಎಳೆದ. ಕೆನ್ನೆ ತಬಲಾದ ಹಾಗೆ ಬಿಗಿಯಾಯಿತು. ಕನ್ನಡಿಯಲ್ಲಿ ಅದನ್ನು ನೋಡುತ್ತ ತಾನೇ ಆಶ್ಚರ್ಯಪಟ್ಟವನಂತೆ ಕೂತ. ನಾನು ವಸ್ತರಾಕ್ಕೆ ಬ್ಲೇಡು ಸಿಕ್ಕಿಸಿ ಕೊಟ್ಟೆ.

ಬಲಗಡೆಯ ಕೆನ್ನೆಗೆ ಅರ್ಧ ತಾಸು ಹಿಡಿಯಿತು. ಗಲ್ಲದ ಬಳಿ ಸಣ್ಣಗೆ ಕೊಯ್ದುಕೊಂಡ, ಕೊಯ್ತು ನೋಡ್ರಿ ಎಂದು ತಾನೇ ಹೇಳಿದ. ಬೆವರಿಳಿಯುತ್ತಿತ್ತು, ಕೈ ಸೋತಿತ್ತು. ಎಡಗಡೆಯದನ್ನು ನಾನು ಮುಗಿಸಿಕೊಡುತ್ತೇನೆ, ಅರ್ಧ ಮುಖದಲ್ಲಿ ಹೇಗಿರುತ್ತೀ ಎಂದೆ. ಅವನು ವಸ್ತರಾ ಮಡಚಿ ನನ್ನ ಕೈಗಿಟ್ಟ.

"ಬ್ಯಾಡ್ರಿ. ಅದನ್ನೂ ನಾನ ಮಾಡ್ತೇನಿ, ನಾಳೆ."

ಮುಖ ತೊಳೆದುಕೊಂಡ. ಚಪ್ಪಲಿ ಹುಡುಕಿ ಮೆಟ್ಟಿದ. ಸೇರಿದಂದಿನಿಂದ ವಾರ್ಡಿನ ಬಾಗಿಲ ಹೊರಗೆ ಕಾಲಿಡದವನು ಮೆಟ್ಟಿಲು ಇಳಿದು ಹೋದ. ನಾನು ಕಿಟಕಿಗೆ ಬಂದು ನಿಂತೆ. ಪಾಳಿ ಬಿಟ್ಟ ಹೊತ್ತು. ಸೈಕಲ್ಲು, ಮೋಟರ್‌ಸೈಕಲ್ಲುಗಳ ನಡುವೆ ಅವನು ರಸ್ತೆ ದಾಟಿ ಚಾದ ಗಾಡಿಯ ಮುಂದೆ ನಿಂತ. ಒಂದು ಬದಿ ನುಣ್ಣನೆಯ ಕೆನ್ನೆ, ಇನ್ನೊಂದು ಬದಿ ತಿಂಗಳು ಮೀರಿದ ಗಡ್ಡ. ನಿಂತವರೆಲ್ಲ ಅವನನ್ನು ನೋಡಿದರು, ಒಬ್ಬ ನಕ್ಕ. ಜಿನ್ನಪ್ಪ ಎಡಗೈಯಲ್ಲಿ ಗ್ಲಾಸು ಹಿಡಿದು, ಬಿಸಿಲಿಗೆ ಮುಖ ಮಾಡಿ, ಸಾವಕಾಶವಾಗಿ ಚಾ ಕುಡಿಯತೊಡಗಿದ.